ಕಾರ್ಬ್ಯುರೇಟರ್ ತೊಳೆದ ಮೇಲೆ ಬೈಕು ಹೊರಡದಿದ್ದರೆ

ತೇವಾರಂನಿಂದ ಬೋಡಿಮೆಟ್ಟಿನ ಮೇಲೆ ಏಲಕ್ಕಿ ತೋಟಗಳಿಗೆ ಹೋಗುವವರಿಗೆ ಬೆಳಗ್ಗೆ ಬೈಕು ಕೈಕೊಟ್ಟರೆ ಅಂದಿನ ಕೂಲಿಯೇ ಹೋದಂತೆ. ನಾವೂ ಒಮ್ಮೆ ಹಳೆಯ ಬೈಕಿನ ಕಾರ್ಬ್ಯುರೇಟರನ್ನು ತೊಳೆದು ಜೋಡಿಸಿ, ಕಿಕ್ಕರ್ ಒದ್ದೊದ್ದು ಸೋತೆವು. 2020ರ ಏಪ್ರಿಲ್ ನಂತರ ತಯಾರಾದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್ ಇಲ್ಲ. ಈ ಮಾತು ಅದಕ್ಕೂ ಹಳೆಯವಕ್ಕೆ.

ಬಿಚ್ಚುವ ಮುನ್ನ ಹೊರಡುತ್ತಿದ್ದ ಬೈಕು ಈಗ ಹೊರಡದಿದ್ದರೆ, ದೋಷವನ್ನು ಮೊದಲು ನಮ್ಮ ಕೈ ತಾಗಿದ ಕಡೆಯೇ ಹುಡುಕಬೇಕು. ಬೀಡಿ, ಬೆಂಕಿ ದೂರವಿರಲಿ.

ಪೆಟ್ರೋಲ್ ನಲ್ಲಿಯನ್ನು ತೆರೆದು ಕಾರ್ಬ್ಯುರೇಟರಿನ ಬಟ್ಟಲ ಕೆಳಗಿನ ತಿರುಪನ್ನು ಸಡಿಲಿಸಿರಿ. ಪೆಟ್ರೋಲ್ ಬಾರದಿದ್ದರೆ ಕೊಳವೆ ಮಡಚಿರಬಹುದು, ಇಲ್ಲವೆ ಫ್ಲೋಟಿನ ಸೂಜಿ ಅಂಟಿರಬಹುದು. ಬಂದರೆ ತಿರುಪನ್ನು ಬಿಗಿದು, ಐದಾರು ಸಲ ಒದ್ದು, ಪ್ಲಗ್ಗನ್ನು ಬಿಚ್ಚಿ ನೋಡಿರಿ. ಪ್ಲಗ್ಗು ಒಣಗಿದ್ದರೆ ಜೆಟ್ಟಿನ ರಂಧ್ರದಲ್ಲಿ ಕಸವಿದೆ, ಅಥವಾ ಎಂಜಿನ್ ಕಡೆಯ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿದೆ. ನೆನೆದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ನಲ್ಲಿ ಮುಚ್ಚಿ, ಪ್ಲಗ್ಗನ್ನು ಒರೆಸಿ ಹಾಕಿ, ಎಕ್ಸಿಲೇಟರನ್ನು ಪೂರ್ತಿ ತಿರುವಿ ಒದೆಯಿರಿ.

ಗಾಳಿಯ ತಿರುಪನ್ನು ಮೆಲ್ಲಗೆ ಕೊನೆಮುಟ್ಟ ಬಿಗಿದು, ಸುಮಾರು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿರಿ. ಬಲವಾಗಿ ಬಿಗಿದರೆ ಅದರ ಮೊನೆ ಕೆಡುತ್ತದೆ.

ಎಕ್ಸಿಲೇಟರ್ ತಂತಿಗೆ ಸಿಕ್ಕಿಸಿದ ಸ್ಲೈಡನ್ನೂ ನೋಡಿರಿ. ಅದರ ಕೆಳಗಿನ ಓರೆ ಕೊರೆತ ಏರ್ ಫಿಲ್ಟರಿನ ಕಡೆಗಿರಬೇಕು; ಕೈಬಿಟ್ಟೊಡನೆ ಸ್ಲೈಡು ಟಕ್ಕನೆ ಕೆಳಗಿಳಿಯಬೇಕು. ನಾವು ಅಂದು ಇದನ್ನೇ ತಿರುವುಮುರುವಾಗಿ ಕೂರಿಸಿದ್ದೆವು!

ಇನ್ನು ಬಿಚ್ಚುವಾಗಲೇ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿಡಿರಿ. ಬಿಚ್ಚಿದ ಕ್ರಮ ತಿಳಿದಿದ್ದರೆ ಜೋಡಿಸುವುದು ಕಷ್ಟವಲ್ಲ.