ಮಗುವಿನ ಹುಟ್ಟಿದ ದಿನ ಯಾರ ಸೊತ್ತು?

ಎರಡು ವರ್ಷಗಳ ಹಿಂದಿನ ಮಾತು. ಸಂಸ್ಥೆಯೊಂದರವರು ನಮ್ಮ ಶಾಲೆಗೆ ಬಂದು, ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರತಿಭಾ ಪರೀಕ್ಷೆ ನಡೆಸುವುದಾಗಿ ಹೇಳಿದರು. ಶುಲ್ಕವಿಲ್ಲ, ಗೆದ್ದವರಿಗೆ ಬಹುಮಾನ, ಬರೆದವರಿಗೆಲ್ಲ ಪ್ರಮಾಣಪತ್ರ. ಬೇಡವೆನ್ನಲು ಕಾರಣವೇ ಇರಲಿಲ್ಲ. ಅರ್ಜಿ ಹಂಚಿದವನು ನಾನೇ. ಮಗುವಿನ ಹೆಸರು, ತರಗತಿ, ಹುಟ್ಟಿದ ದಿನಾಂಕ, ವಿಳಾಸ, ಪಿನ್‌ಕೋಡ್, ತಂದೆಯ ಉದ್ಯೋಗ, ತಾಯಿಯ ಮೊಬೈಲ್ ಸಂಖ್ಯೆ ಎಂದು ಹದಿಮೂರು ಕಾಲಂಗಳು. ‘ಒಂದನ್ನೂ ಖಾಲಿ ಬಿಡಬೇಡಿ’ ಎಂದು ಗದರಿಸಿದವನೂ ನಾನೇ. ಮೇಷ್ಟರಿಕೆಯಲ್ಲಿ ಅಂಟಿಕೊಂಡ ಚಾಳಿ ಅದು. ಖಾಲಿ ಜಾಗ ಕಂಡರೆ ನಮಗೆ ಸಹಿಸದು.

ತಿಂಗಳೊಳಗೆ ತಂದೆತಾಯಿಗಳಿಗೆ ಟ್ಯೂಷನ್‌ನವರ ಫೋನುಗಳು ಶುರುವಾದವು. ಅದು ಬರಿಯ ಕಿರಿಕಿರಿ. ಆದರೆ ಒಂದು ದಿನ ಗಾರೆ ಕೆಲಸದವರೊಬ್ಬರ ಹೆಂಡತಿ ಶಾಲೆಗೆ ಬಂದರು. ಯಾರೋ ಫೋನು ಮಾಡಿ ಮಗಳ ಹೆಸರು, ತರಗತಿ, ಹುಟ್ಟಿದ ದಿನ ಎಲ್ಲವನ್ನೂ ತಪ್ಪಿಲ್ಲದೆ ಹೇಳಿ, ‘ವಿದ್ಯಾರ್ಥಿವೇತನ ಮಂಜೂರಾಗಿದೆ, ನಿಮ್ಮ ಮೊಬೈಲಿಗೆ ಬಂದ ಓಟಿಪಿ ಹೇಳಿ’ ಎಂದರಂತೆ. ಇವರು ಹೇಳಿದರು. ಖಾತೆಯಲ್ಲಿದ್ದ 7,400 ರೂಪಾಯಿ ಹೋಯಿತು. ‘ಮಗಳು ಹುಟ್ಟಿದ ದಿನ ಗೊತ್ತಿರೋರು ಸ್ಕೂಲಿನೋರೇ ಇರಬೇಕು ಅಂದ್ಕೊಂಡೆ ಸಾರ್’ ಎಂದರು ಆಕೆ. ಆಕೆಯ ತರ್ಕದಲ್ಲಿ ತಪ್ಪೇನಿತ್ತು?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನು ಮಾಡಿದ್ದರೆ ಹಣ ಉಳಿಯುವ ಸಾಧ್ಯತೆ ಇತ್ತು. ಆಕೆ ಬಂದದ್ದು ನಾಲ್ಕು ದಿನ ಕಳೆದ ಮೇಲೆ.

ಆ ವಿವರ ನಾನು ಹಂಚಿದ ಅರ್ಜಿಯಿಂದಲೇ ಹೋಯಿತೆಂದು ಹೇಳಲಾರೆ. ಮೊಬೈಲ್ ಅಂಗಡಿ, ಆಸ್ಪತ್ರೆ, ಬಟ್ಟೆ ಅಂಗಡಿಯ ಲಕ್ಕಿ ಕೂಪನ್, ಎಲ್ಲಿಂದ ಬೇಕಾದರೂ ಹೋಗಿರಬಹುದು. ಕಷ್ಟ ಇರುವುದೇ ಅಲ್ಲಿ. ಮನೆಯಿಂದ ಕೊಡಪಾನ ಕದ್ದರೆ ಕೊಡಪಾನ ಕಾಣೆಯಾಗುತ್ತದೆ. ಮಾಹಿತಿ ಕದ್ದರೆ ಏನೂ ಕಾಣೆಯಾಗುವುದಿಲ್ಲ. ಅದು ನಮ್ಮಲ್ಲಿಯೂ ಇರುತ್ತದೆ, ಅವರಲ್ಲಿಯೂ ಇರುತ್ತದೆ.

‘ಹೆಸರು ಬರೆಯದಿದ್ದರೆ ಆಯಿತಲ್ಲ ಸಾರ್?’ ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. ನೀವೂ ಮಾಡಿ ನೋಡಿ. ನಮ್ಮ ದೇಶದಲ್ಲಿ ಸುಮಾರು 19 ಸಾವಿರ ಪಿನ್‌ಕೋಡುಗಳಿವೆ. ಜನಸಂಖ್ಯೆ 140 ಕೋಟಿ ಎಂದು ಹಿಡಿದರೆ ಒಂದು ಪಿನ್‌ಕೋಡಿಗೆ ಸರಾಸರಿ 70 ಸಾವಿರಕ್ಕೂ ಮಿಕ್ಕಿ ಜನ. ಇನ್ನು ಹುಟ್ಟಿದ ದಿನಾಂಕ: ವರ್ಷಕ್ಕೆ 365 ದಿನಗಳಂತೆ 70 ವರ್ಷಕ್ಕೆ 25,550 ದಿನಾಂಕಗಳು. ಗಂಡು, ಹೆಣ್ಣು ಎಂದು ಬೇರ್ಪಡಿಸಿದರೆ 51,100 ಗೂಡುಗಳು. ಎಪ್ಪತ್ತು ಸಾವಿರ ಜನರನ್ನು ಐವತ್ತೊಂದು ಸಾವಿರ ಗೂಡುಗಳಲ್ಲಿ ಕೂರಿಸಿದರೆ ಒಂದು ಗೂಡಿಗೆ ಎಷ್ಟು ಮಂದಿ? ಹೆಚ್ಚಿನವುಗಳಲ್ಲಿ ಒಬ್ಬರು, ಇಬ್ಬರು, ಮೂವರು. ಶಾಲೆಯ ಹೆಸರನ್ನೂ ಸೇರಿಸಿದರೆ ಉಳಿಯುವುದು ಬಹುಪಾಲು ಒಂದೇ ಮಗು. ಹೆಸರೇ ಬೇಕಿಲ್ಲ! ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಅದು ನನ್ನ ತರಗತಿಯಲ್ಲಿ ಅಪರೂಪ.

ಇದು ನನ್ನ ಕಲ್ಪನೆಯ ಲೆಕ್ಕವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1990ರ ದಶಕದ ನಡುವಿನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು, ಹೆಸರು ವಿಳಾಸ ತೆಗೆದುಹಾಕಿ, ಸಂಶೋಧಕರಿಗೆ ಕೊಡಲಾಯಿತು. ಯಾರ ಗುಟ್ಟೂ ಬಯಲಾಗದೆಂದು ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಭರವಸೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ, ಗವರ್ನರ್ ವಾಸವಾಗಿದ್ದ ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡರು. ಗವರ್ನರರ ಹುಟ್ಟಿದ ದಿನಾಂಕದವರು ಅದರಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆ ಸಂಖ್ಯೆಯವರು ಒಬ್ಬರೇ. ಹೀಗೆ ಗವರ್ನರರ ಆಸ್ಪತ್ರೆ ದಾಖಲೆ ಯಾವುದೆಂದು ಪತ್ತೆಯಾಯಿತು. ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುವ ತಾಳ್ಮೆ.

‘ನಮ್ಮ ಹಳ್ಳಿಯಲ್ಲಿ ಗುಟ್ಟು ಎಲ್ಲಿತ್ತು ಸ್ವಾಮಿ?’ ಎಂದು ಹಿರಿಯರು ಕೇಳುತ್ತಾರೆ. ನಿಜ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು, ನಮಗಿಂತ ಮೊದಲು ಪಕ್ಕದ ಮನೆಯವರು ನೋಡುತ್ತಿದ್ದರು. ಆದರೆ ನನ್ನ ವಿಷಯ ತಿಳಿದ ಪಕ್ಕದ ಮನೆಯವರ ವಿಷಯ ನನಗೂ ತಿಳಿದಿತ್ತು. ಅವರು ಮೋಸ ಮಾಡಿದರೆ ಹೋಗಿ ಬಾಗಿಲು ತಟ್ಟಬಹುದಿತ್ತು. ಇಂದು ಮಗುವಿನ ವಿವರ ಇಟ್ಟುಕೊಂಡವನ ಬಾಗಿಲು ಯಾವ ಊರಿನಲ್ಲಿದೆಯೋ!

ಕಾನೂನು ಈ ವಿಷಯಕ್ಕೆ ಬಂದದ್ದು ತಡವಾಗಿ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬಾತನನ್ನು ದರೋಡೆಯ ಆರೋಪದ ಮೇಲೆ ಹಿಡಿದು ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಬಿಟ್ಟ ಮೇಲೂ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳ ಪೀಠ ಆ ರಾತ್ರಿ ಭೇಟಿಗಳನ್ನು ತಡೆಯಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿತು. 1954ರಲ್ಲಿ ಎಂಟು ಮಂದಿಯ ಪೀಠದ ಅಭಿಪ್ರಾಯವೂ ಅದೇ ಬಗೆಯದಾಗಿತ್ತು.

ಅರ್ಧ ಶತಮಾನ ಕಳೆದ ಮೇಲೆ, 2012ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಬಹುಪಾಲು ಜನ ಪಿಂಚಣಿ ಕಚೇರಿಗೆ ಹೋಗಲೂ ಬೇಸರಿಸುತ್ತಾರೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ವಕೀಲರು ಆ ಎರಡು ಹಳೆಯ ತೀರ್ಪುಗಳನ್ನು ಮುಂದಿಟ್ಟರು. ಎಂಟು ಮಂದಿ ಹೇಳಿದ್ದನ್ನು ಬದಲಿಸಲು ಒಂಬತ್ತು ಮಂದಿ ಬೇಕು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಅಡಗಿದೆ ಎಂದರು. ಪುಟ್ಟಸ್ವಾಮಿಯವರು ಪ್ರಶ್ನಿಸಿದ್ದ ಆಧಾರ್ ಮಾತ್ರ 2018ರ ತೀರ್ಪಿನಲ್ಲಿ ಬಹುಮಟ್ಟಿಗೆ ಉಳಿದುಕೊಂಡಿತು. ಆದರೆ ಶಾಲೆಗೆ ಸೇರಿಸಿಕೊಳ್ಳಲು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಪಾಲಕರು ಇದನ್ನು ನೆನಪಿಡಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ, ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ಹುಟ್ಟಿದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರಲ್ಲಿ ನನಗೆ ಮೆಚ್ಚುಗೆಯಾದ ಮಾತೊಂದಿದೆ. ಯಾವ ವಿವರವನ್ನು ಯಾತಕ್ಕಾಗಿ ಕೇಳುತ್ತೇವೆಂಬ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ನಾವು ಕೇಳಬಹುದು. ಕೆಲಸಕ್ಕೆ ಬೇಕಾದಷ್ಟಕ್ಕೇ ಒಪ್ಪಿಗೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆಪ್, ನಿಮ್ಮ ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳನ್ನೂ ಕೇಳಿ ನೀವು ಹೂಂ ಎಂದರೂ, ಆ ಹೂಂಗುಟ್ಟುವಿಕೆ ನಂಬರುಗಳ ಮಟ್ಟಿಗೆ ನಿಲ್ಲದು. ಈ ಉದಾಹರಣೆ ಕಾಯ್ದೆಯಲ್ಲಿಯೇ ಇದೆ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯಲೂ ಬರಬೇಕು. ಹದಿನೆಂಟು ತುಂಬದವರ ವಿವರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಶಾಲೆಗಳಿಗೆ ಪಾಠ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿಯವರೆಗೂ ದಂಡ ಬೀಳಬಹುದು.

ಕೇಳಲು ಸೊಗಸಾಗಿದೆ. ಆದರೆ ಆ ದಂಡ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. 7,400 ರೂಪಾಯಿ ಕಳೆದುಕೊಂಡ ತಾಯಿಗೆ ಈ ಕಾಯ್ದೆಯಡಿ ಪರಿಹಾರವಿಲ್ಲ. ದತ್ತಾಂಶ ಕಾಯುವಲ್ಲಿ ಅಸಡ್ಡೆ ತೋರಿದ ಕಂಪನಿಯಿಂದ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನು ತೆಗೆದುಹಾಕಲು ಹೊಸ ಕಾಯ್ದೆಯಲ್ಲಿ ಅವಕಾಶ ಮಾಡಿದ್ದಾರೆ. ಇದು ನನಗೆ ಅರ್ಥವಾಗದ ನ್ಯಾಯ. ಸರ್ಕಾರಕ್ಕೂ ಅದರಲ್ಲಿ ದೊಡ್ಡ ವಿನಾಯಿತಿಗಳುಂಟು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟಳೆಗಳನ್ನು ಪಾಲಿಸಲು ಕಂಪನಿಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಇನ್ನೊಂದು ಸೂಕ್ಷ್ಮ: ಕಾಗದದ ಅರ್ಜಿ ಕಾಗದವಾಗಿಯೇ ಇರುವತನಕ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಕಂಪ್ಯೂಟರಿಗೆ ಏರಿದ ಮೇಲೆ ಮಾತ್ರ ಅನ್ವಯ. ನಾನು ಹಂಚಿದ ಅರ್ಜಿಗಳು ಎಂದು ಏರಿದವೋ, ಏರಿಸಿದವರು ಯಾರೋ.

ಕಳೆದ ಜೂನ್‌ನಲ್ಲಿ ಮತ್ತೊಂದು ಸಂಸ್ಥೆಯ ಪ್ರತಿನಿಧಿ ಅದೇ ಬಗೆಯ ಅರ್ಜಿಯ ಕಟ್ಟು ಹಿಡಿದು ಬಂದರು. ಪರೀಕ್ಷೆ ಬರೆಸಲು ತಂದೆಯ ಉದ್ಯೋಗ ಏಕೆ ಬೇಕೆಂದು ಕೇಳಿದೆ. ‘ಫಾರ್ಮ್ಯಾಟ್ ಸಾರ್’ ಎಂದರು. ಈ ವಿವರಗಳನ್ನು ಏನು ಮಾಡುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ ಎಂದೆ. ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದರು. ಅರ್ಜಿಯ ಕಟ್ಟು ಇನ್ನೂ ನಮ್ಮ ಪ್ರಯೋಗಾಲಯದ ಬೀರುವಿನ ಮೇಲೆ, ಬ್ಯೂರೆಟ್ ಪೆಟ್ಟಿಗೆಯ ಪಕ್ಕ ಬಿದ್ದಿದೆ. ಹಿಂಬದಿ ಖಾಲಿ ಇರುವುದರಿಂದ ಮಕ್ಕಳು ರಫ್ ಲೆಕ್ಕಕ್ಕೆ ಹರಿದುಕೊಳ್ಳುತ್ತಿದ್ದಾರೆ.