ಮಾನವ ಸಂಪನ್ಮೂಲ ಕ್ಷೇತ್ರ: ವಿಶ್ವವಿದ್ಯಾನಿಲಯದ ಪದವಿಯೋ, ವೃತ್ತಿಪರ ಅರ್ಹತೆಯೋ?

ಪೀಠಿಕೆ

ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು ಹಾಗೂ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಸಿಬ್ಬಂದಿಯ ನೇಮಕಾತಿ, ವೇತನ, ತರಬೇತಿ, ಶಿಸ್ತು ಮತ್ತು ಕಲ್ಯಾಣದ ಕೆಲಸಗಳನ್ನು ಮಾನವ ಸಂಪನ್ಮೂಲ ವಿಭಾಗವು ನಿರ್ವಹಿಸುತ್ತದೆ. ಈ ಕ್ಷೇತ್ರವನ್ನು ಪ್ರವೇಶಿಸಲು ಇಚ್ಛಿಸುವ ಪದವೀಧರರ ಮುಂದೆ ಎರಡು ಮಾರ್ಗಗಳಿವೆ: ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿ ಅಥವಾ ವೃತ್ತಿ ಸಂಸ್ಥೆಗಳು ನೀಡುವ ಅರ್ಹತೆ. ಎರಡಕ್ಕೂ ಹಣ ಮತ್ತು ಕಾಲ ವ್ಯಯವಾಗುವುದರಿಂದ, ಶುಲ್ಕ ಪಾವತಿಸುವ ಮುನ್ನವೇ ಇವುಗಳ ವ್ಯತ್ಯಾಸವನ್ನು ಅರಿಯುವುದು ಸೂಕ್ತ. ಪಡೆಯಲಿರುವ ಪ್ರಮಾಣಪತ್ರವನ್ನು ಮುಂದೆ ಯಾರು ಪರಿಶೀಲಿಸುವರು ಎಂಬ ಪ್ರಶ್ನೆಯೇ ಆಯ್ಕೆಗೆ ಆಧಾರವಾಗತಕ್ಕದ್ದು.

1. ಪದವಿ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯ್ದೆ, 1956ರ 22ನೇ ಕಲಮಿನ ಪ್ರಕಾರ, ಕಾಯ್ದೆಯ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಪರಿಗಣಿತ ವಿಶ್ವವಿದ್ಯಾನಿಲಯಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ನೀಡಿದ ಸಂಸ್ಥೆಗಳು ಮಾತ್ರ ಪದವಿ ನೀಡಬಹುದು. ಮಾನವ ಸಂಪನ್ಮೂಲ ವಿಷಯದೊಡನೆ ಎಂ.ಬಿ.ಎ. ಹಾಗೂ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಈ ವರ್ಗಕ್ಕೆ ಸೇರುತ್ತವೆ. ಒಮ್ಮೆ ಪಡೆದ ಪದವಿಗೆ ನವೀಕರಣದ ಅಗತ್ಯವಿರುವುದಿಲ್ಲ.

2. ವೃತ್ತಿಪರ ಅರ್ಹತೆ

ಇದನ್ನು ವೃತ್ತಿನಿರತರ ಸಂಘಗಳು ನೀಡುತ್ತವೆ. ಭಾರತದಲ್ಲಿ ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆಯು 1980ರಲ್ಲಿ ಎರಡು ಹಳೆಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. ಬೆಂಗಳೂರಿನ ಬಹುರಾಷ್ಟ್ರೀಯ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಅಮೆರಿಕದ ಎಸ್.ಎಚ್.ಆರ್.ಎಂ. ಮತ್ತು ಬ್ರಿಟನ್ನಿನ ಸಿ.ಐ.ಪಿ.ಡಿ. ಸಂಸ್ಥೆಗಳ ಅರ್ಹತೆಗಳೂ ಪರಿಚಿತ. ಇಂತಹ ಅರ್ಹತೆಯ ಬೆಲೆಯು ಉದ್ಯೋಗದಾತರು ಅದರ ಮೇಲೆ ಇರಿಸುವ ವಿಶ್ವಾಸವನ್ನು ಅವಲಂಬಿಸಿರುತ್ತದೆ. ಕೆಲವನ್ನು ಕಾಲಕಾಲಕ್ಕೆ ನವೀಕರಿಸಬೇಕಾಗುತ್ತದೆ. ಎಸ್.ಎಚ್.ಆರ್.ಎಂ. ಪ್ರಮಾಣಪತ್ರದ ಅವಧಿ 3 ವರ್ಷ. ಅಷ್ಟರೊಳಗೆ 60 ಅಂಕಗಳಷ್ಟು ಕಲಿಕೆಯನ್ನು ತೋರಿಸಬೇಕು, ಇಲ್ಲವೇ ಪರೀಕ್ಷೆಯನ್ನು ಮತ್ತೆ ಬರೆಯಬೇಕು.

3. ಸ್ನಾತಕೋತ್ತರ ಡಿಪ್ಲೊಮಾ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಪಡೆದ ಸ್ವಾಯತ್ತ ಸಂಸ್ಥೆಗಳು ನೀಡುವ ಎರಡು ವರ್ಷಗಳ ಡಿಪ್ಲೊಮಾ ಈ ಎರಡರ ನಡುವಿನದು. ಇದು ಪದವಿಯಲ್ಲ, ಆದರೆ ಕೀಳೆಂದು ಭಾವಿಸುವುದೂ ಸರಿಯಲ್ಲ. ಬೆಂಗಳೂರಿನ ಐ.ಐ.ಎಂ. ಕೂಡ ಮೊದಲು ಡಿಪ್ಲೊಮಾವನ್ನೇ ನೀಡುತ್ತಿದ್ದು, 2017ರ ಐ.ಐ.ಎಂ. ಕಾಯ್ದೆ 2018ರಲ್ಲಿ ಜಾರಿಗೆ ಬಂದ ನಂತರ ಪದವಿ ನೀಡುವ ಅಧಿಕಾರ ಪಡೆಯಿತು. ಪಿಎಚ್.ಡಿ. ಅಥವಾ ಸರ್ಕಾರಿ ಹುದ್ದೆಯನ್ನು ಬಯಸುವವರು, ತಾವು ಸೇರಲಿರುವ ಡಿಪ್ಲೊಮಾಕ್ಕೆ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ಸಮಾನತೆ ಇದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು.

4. ಕಾನೂನು ವಿದ್ಯಾರ್ಹತೆ ಕೇಳುವ ಹುದ್ದೆಗಳು

ಕಾರ್ಖಾನೆಗಳ ಕಾಯ್ದೆ, 1948ರ 49ನೇ ಕಲಮಿನಂತೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿಯ ನೇಮಕ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿ ಈ ಸಂಖ್ಯೆಯನ್ನು 250ಕ್ಕೆ ಇಳಿಸಲಾಗಿದೆ. ಈ ಹುದ್ದೆಯ ವಿದ್ಯಾರ್ಹತೆಯನ್ನು ನಿರ್ಧರಿಸುವುದು ಸರ್ಕಾರದ ನಿಯಮಗಳೇ ಹೊರತು ಉದ್ಯೋಗದಾತರಲ್ಲ.

ಉದಾಹರಣೆಗೆ, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹಾಜರಾತಿ ಮತ್ತು ವೇತನ ಪಟ್ಟಿ ನೋಡಿಕೊಳ್ಳುವ ಬಿ.ಕಾಂ. ಪದವೀಧರೆಯೊಬ್ಬರು ಕಲ್ಯಾಣಾಧಿಕಾರಿಯಾಗಲು ಬಯಸಿದ್ದಾರೆಂದು ಭಾವಿಸೋಣ. ಆರು ತಿಂಗಳ ಖಾಸಗಿ ಪ್ರಮಾಣಪತ್ರವು ಅವರ ತಿಳಿವಳಿಕೆಯನ್ನು ಹೆಚ್ಚಿಸಬಹುದು. ಆದರೆ ನಿಯಮದಲ್ಲಿ ಹೆಸರಿಸಿದ ವಿದ್ಯಾರ್ಹತೆಯ ಸ್ಥಾನವನ್ನು ಅದು ತುಂಬಲಾರದು. ಹುದ್ದೆ ಕೈಗೆಟುಕುವ ಹಂತದಲ್ಲಿ ಈ ಕೊರತೆ ತಿಳಿದರೆ, ಕಟ್ಟಿದ ಶುಲ್ಕವಾಗಲಿ ಕಳೆದ ಕಾಲವಾಗಲಿ ಮರಳುವುದಿಲ್ಲ.

5. ಯಾರಿಗೆ ಯಾವುದು?

ಅ) ಸರ್ಕಾರಿ ಹುದ್ದೆ, ಕಲ್ಯಾಣಾಧಿಕಾರಿ ಹುದ್ದೆ, ಬೋಧನೆ ಅಥವಾ ಸಂಶೋಧನೆಯನ್ನು ಬಯಸುವವರಿಗೆ: ಮೊದಲು ಪದವಿ.

ಆ) ಈಗಾಗಲೇ ಸ್ನಾತಕೋತ್ತರ ಪದವಿ ಹೊಂದಿ, ಖಾಸಗಿ ಸಂಸ್ಥೆಯಲ್ಲಿ ಕೆಲವು ವರ್ಷಗಳ ಅನುಭವವುಳ್ಳವರಿಗೆ: ವೃತ್ತಿಪರ ಅರ್ಹತೆ ಹೆಚ್ಚು ಉಪಯುಕ್ತ.

ಇ) ಉದ್ಯೋಗ ಬಿಡಲಾಗದವರಿಗೆ: ಮಾನ್ಯತೆ ಪಡೆದ ದೂರ ಶಿಕ್ಷಣ ಅಥವಾ ಆನ್‌ಲೈನ್ ಪದವಿ.

29 ಕಾರ್ಮಿಕ ಕಾನೂನುಗಳು 4 ಸಂಹಿತೆಗಳಾಗಿ ಮಾರ್ಪಟ್ಟಿರುವುದರಿಂದ, ಹಳೆಯ ಪಠ್ಯಕ್ರಮದಲ್ಲಿ ಪದವಿ ಪಡೆದವರೂ ಹೊಸದಾಗಿ ಕಲಿಯಬೇಕಾದುದಿದೆ. ಅಂತಹವರಿಗೆ ಅಲ್ಪಾವಧಿಯ ವೃತ್ತಿಪರ ಶಿಕ್ಷಣ ನೆರವಾಗುತ್ತದೆ. ಹೀಗಾಗಿ ಎರಡು ಮಾರ್ಗಗಳು ಒಂದಕ್ಕೊಂದು ವಿರೋಧವಲ್ಲ, ಯಾವುದು ಮೊದಲು ಎಂಬುದೇ ಮುಖ್ಯ.

6. ಪ್ರವೇಶ ಪಡೆಯುವ ಮುನ್ನ

ಅ) ಬಯಸುವ ಹುದ್ದೆಯ ಇತ್ತೀಚಿನ ಅಧಿಸೂಚನೆ ಅಥವಾ ನೇಮಕಾತಿ ನಿಯಮವನ್ನು ಓದಿ, ಅದರಲ್ಲಿರುವ ವಿದ್ಯಾರ್ಹತೆಯ ಹೆಸರನ್ನು ಯಥಾವತ್ತಾಗಿ ಬರೆದುಕೊಳ್ಳುವುದು.

ಆ) ಆಯೋಗದ ಜಾಲತಾಣದಲ್ಲಿ ಮಾನ್ಯ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ನೋಡುವುದು.

ಇ) ದೂರ ಶಿಕ್ಷಣವಾದಲ್ಲಿ, ಸೇರಲಿರುವ ವರ್ಷಕ್ಕೆ ಮತ್ತು ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಪರಿಶೀಲಿಸುವುದು.

ಈ) ವೃತ್ತಿಪರ ಅರ್ಹತೆಯಾದಲ್ಲಿ, ಪರೀಕ್ಷಾ ಶುಲ್ಕದೊಡನೆ ಸದಸ್ಯತ್ವ ಹಾಗೂ ನವೀಕರಣ ಶುಲ್ಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಉ) ‘ಪದವಿಗೆ ಸಮಾನ’ ಎಂಬ ಜಾಹೀರಾತು ಕಂಡಲ್ಲಿ, ಸಮಾನತೆ ನೀಡಿದ ಪ್ರಾಧಿಕಾರದ ಆದೇಶದ ಪ್ರತಿಯನ್ನು ಕೇಳಿ ಪಡೆಯುವುದು. ಪ್ರತಿಯನ್ನು ನೀಡದ ಸಂಸ್ಥೆಗೆ ಶುಲ್ಕ ಪಾವತಿಸದಿರುವುದು ಕ್ಷೇಮ.

ಅಭ್ಯರ್ಥಿಗಳು ಮತ್ತು ಪೋಷಕರು ಮೇಲಿನ ಅಂಶಗಳನ್ನು ಗಮನದಲ್ಲಿರಿಸಿಕೊಂಡು ಸೂಕ್ತ ನಿರ್ಧಾರ ಕೈಗೊಳ್ಳುವುದು.