ಪ್ರೆಸ್ಸಿಗೆ ಫೈಲ್ ಕೊಡೋ ಮುಂಚೆ

ಕಳೆದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಒಂದು ಸಂಚಿಕೆ ಪ್ರಿಂಟ್ ಮಾಡಿಸಿದ್ದು ಕೆಲವರಿಗೆ ನೆನಪಿರಬಹುದು. ಎ5 ಅಳತೆ, 32 ಪುಟ, 200 ಪ್ರತಿ. ನಾನಾಗ ಫಸ್ಟ್ ಇಯರ್. ಲ್ಯಾಪ್‌ಟಾಪ್ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ಡಿಸೈನ್ ಕೆಲಸ ನನ್ನ ತಲೆಗೆ ಬಂತು. ಅದರಲ್ಲಿ ನನ್ನ ರೂಮ್‌ಮೇಟ್ ಬರೆದ ಒಂದು ಕವನ ಇತ್ತು. ಶೀರ್ಷಿಕೆ ‘ಅಮ್ಮ’. ಪ್ರಿಂಟ್ ಆಗಿ ಬಂದದ್ದು ‘ಅಮ್‌ಮ’. ಒಳಗಿನ ಸಾಲುಗಳಲ್ಲೂ ಒಂದು ಒತ್ತಕ್ಷರ ಸರಿ ಇರಲಿಲ್ಲ.

ಬಿಡುಗಡೆಗೆ ಅವನ ಅಮ್ಮ ಊರಿಂದ ಬಂದಿದ್ರು. ಆ ಪುಟ ತೆಗೆದು ಸ್ವಲ್ಪ ಹೊತ್ತು ನೋಡಿ, “ಚೆನ್ನಾಗಿದೆ ಕಣಪ್ಪ” ಅಂದ್ರು. ಅವನು ನನಗೆ ಏನೂ ಅನ್ನಲಿಲ್ಲ. ಬೈದಿದ್ರೆ ಪರವಾಗಿರಲಿಲ್ಲ.

ತಪ್ಪು ಪ್ರೆಸ್‌ನವರದ್ದಲ್ಲ, ನನ್ನದೇ. ಆಮೇಲೆ ಅಲ್ಲೇ ಹೋಗಿ ಕೂತು, ಡಿಟಿಪಿ ಮಾಡೋ ಅಣ್ಣನ ಹತ್ತಿರ ಕೇಳಿ ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ. ಫೆಸ್ಟ್ ಬ್ರೋಷರ್ ಇರಲಿ, ಸಂಚಿಕೆ ಇರಲಿ, ನಿಮಗೂ ಒಂದಿನ ಬೇಕಾಗುತ್ತೆ.

1. ಮೊದಲು ಅಕ್ಷರ

ಇಂಗ್ಲಿಷ್‌ನಲ್ಲಿ ಅಕ್ಷರಗಳು ಪಕ್ಕಪಕ್ಕ ಕೂತರೆ ಸಾಕು. ಕನ್ನಡದಲ್ಲಿ ಮ, ವಿರಾಮ, ಮ ಮೂರೂ ಸೇರಿ ‘ಮ್ಮ’ ಆಗಬೇಕು. ಯೂನಿಕೋಡ್ ಫೈಲ್‌ನಲ್ಲಿ ಈ ಮೂರು ಬೇರೆ ಬೇರೆಯಾಗೇ ಇರುತ್ತವೆ, ಜೋಡಿಸೋ ಕೆಲಸ ಸಾಫ್ಟ್‌ವೇರ್‌ನದ್ದು. ಇನ್‌ಡಿಸೈನ್‌ನಲ್ಲಿ ಅದಕ್ಕೆ ‘ವರ್ಲ್ಡ್-ರೆಡಿ ಕಂಪೋಸರ್’ ಅಂತ ಒಂದು ಸೆಟ್ಟಿಂಗ್ ಇದೆ. ಉಳಿದ ಪುಟಗಳಿಗೆ ಅದನ್ನು ಹಾಕಿದ್ದೆ. ಕವನ ಕೊನೆ ಗಳಿಗೆಯಲ್ಲಿ ಬಂತು, ಹೊಸ ಬಾಕ್ಸ್ ಎಳೆದು ಪೇಸ್ಟ್ ಮಾಡಿದೆ. ಆ ಬಾಕ್ಸ್‌ಗೆ ಸೆಟ್ಟಿಂಗ್ ಹಾಕೋದು ಮರೆತೆ. ಅಷ್ಟೇ ಆಗಿದ್ದು.

ಇನ್ನೊಂದು ತೊಂದರೆ ಹಳೇ ಫಾಂಟ್‌ಗಳದ್ದು. ನುಡಿ, ಬರಹದ ಹಳೇ ಫಾಂಟ್‌ಗಳು ಯೂನಿಕೋಡ್ ಅಲ್ಲ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಇನ್ನೂ ಪೇಜ್‌ಮೇಕರ್ ಬಳಸೋ ಪ್ರೆಸ್ ಆದರೆ ಉಲ್ಟಾ ಕಥೆ: ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ, ಮ್ಯಾಟರ್ ಅನ್ನು ನುಡಿಗೆ ಕನ್ವರ್ಟ್ ಮಾಡಬೇಕು. ಕನ್ವರ್ಟ್ ಆದಾಗ ಅರ್ಕಾವತ್ತು, ಒತ್ತು, ಅಂಕಿಗಳು ಕೆಡಬಹುದು, ಪೂರ್ತಿ ಮತ್ತೆ ಓದಬೇಕು. ಅದಕ್ಕೇ ಶುರು ಮಾಡೋ ಮುಂಚೆ “ಅಣ್ಣ, ನೀವು ಯಾವ ಸಾಫ್ಟ್‌ವೇರ್ ಬಳಸ್ತೀರಿ?” ಅಂತ ಕೇಳಿಬಿಡಿ.

ಓಪನ್ ಫೈಲ್ ಕೊಡೋದಕ್ಕಿಂತ ಫಾಂಟ್ ಎಂಬೆಡ್ ಆಗಿರೋ ಪಿಡಿಎಫ್ ಕೊಡೋದು ಒಳ್ಳೇದು. ‘ಪಿಡಿಎಫ್/ಎಕ್ಸ್-1ಎ’ ಅನ್ನೋ ಮಾದರಿ ಪ್ರಿಂಟಿಂಗ್‌ಗೆ ಅಂತಲೇ ಇದೆ.

2. ಪುಟ

ನಡುವೆ ಮಡಚಿ ಪಿನ್ ಹೊಡೆಯೋ ಪುಸ್ತಕ ಆದರೆ ಪುಟಗಳ ಸಂಖ್ಯೆ 4ರಿಂದ ಭಾಗ ಆಗಬೇಕು. ಒಂದು ಹಾಳೆ ಮಡಚಿದರೆ 4 ಪುಟ, ಲೆಕ್ಕ ಅಷ್ಟೇ. 30 ಪುಟ ಕೊಟ್ಟರೆ 2 ಖಾಲಿ ಉಳಿಯುತ್ತವೆ. ಪುಟಗಳನ್ನು ಓದೋ ಕ್ರಮದಲ್ಲೇ, ಒಂದೊಂದಾಗಿ ಕೊಡಿ. ಯಾವ ಪುಟದ ಪಕ್ಕ ಯಾವುದು ಬರಬೇಕು ಅನ್ನೋದನ್ನು ಪ್ರೆಸ್‌ನವರೇ ಜೋಡಿಸ್ತಾರೆ.

ಬಣ್ಣ ಅಥವಾ ಫೋಟೋ ಪುಟದ ಅಂಚಿನವರೆಗೂ ಇದ್ದರೆ ‘ಬ್ಲೀಡ್’ ಬೇಕು. ಕಟಿಂಗ್ ಮೆಷಿನ್ ಒಂದು ಕೂದಲಷ್ಟು ಆಚೀಚೆ ಆದರೂ ಅಂಚಲ್ಲಿ ಬಿಳಿ ಗೆರೆ ಬರುತ್ತೆ. ಅದಕ್ಕೇ ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಬಿಡೋದು. ಎ5 ಅಂದರೆ 148×210 ಮಿ.ಮೀ., ಬ್ಲೀಡ್ ಸೇರಿ 154×216. ಅಕ್ಷರ ಮಾತ್ರ ಅಂಚಿಗೆ ತಾಗಿಸಬೇಡಿ, ಅದೂ ಕತ್ತರಿಸಿ ಹೋಗುತ್ತೆ.

3. ಬಣ್ಣ ಮತ್ತು ಫೋಟೋ

ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತೆ, ಆರ್‌ಜಿಬಿ. ಪ್ರೆಸ್ ಶಾಯಿಯಿಂದ ಮಾಡುತ್ತೆ, ಸಿಎಂವೈಕೆ. ಸ್ಕ್ರೀನ್ ಮೇಲೆ ಮಿಂಚೋ ಹಸಿರು, ನೀಲಿ ಕಾಗದದ ಮೇಲೆ ಮಂಕಾಗುತ್ತೆ. ಮುಂಚೆನೇ ಸಿಎಂವೈಕೆಗೆ ಬದಲಾಯಿಸಿ ನೋಡಿದರೆ ಕೊನೆಗೆ ಶಾಕ್ ಆಗಲ್ಲ.

ಕಪ್ಪು ಅಕ್ಷರಗಳ ಬಗ್ಗೆ ಹುಷಾರು. ಆರ್‌ಜಿಬಿ ಕಪ್ಪನ್ನು ಹಾಗೇ ಕನ್ವರ್ಟ್ ಮಾಡಿದರೆ ಸಾಮಾನ್ಯವಾಗಿ ನಾಲ್ಕು ಶಾಯಿಗಳ ಮಿಶ್ರಣ ಆಗುತ್ತೆ. ನಾಲ್ಕು ಪ್ಲೇಟ್‌ಗಳು ಚೂರು ಜರುಗಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತೆ. ನಮ್ಮ ಒತ್ತುಗಳು ಮೊದಲೇ ಸಣ್ಣವು, ಓದೋಕೇ ಆಗಲ್ಲ. ಮ್ಯಾಟರ್‌ಗೆ ಕಪ್ಪು ಶಾಯಿ 100, ಉಳಿದ ಮೂರು 0 ಇರಬೇಕು.

ಫೋಟೋಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 1080 ಪಿಕ್ಸೆಲ್ ಅಗಲದ ಫೋಟೋ ಚೆನ್ನಾಗಿ ಬರೋದು 3.6 ಇಂಚಿನವರೆಗೆ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಪಿಕ್ಸೆಲ್ ಕಡಿಮೆಯಾಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ.

4. ಪ್ರೂಫ್

ಇದೇ ಎಲ್ಲಕ್ಕಿಂತ ಮುಖ್ಯ. ಅವತ್ತು ರಾತ್ರಿ 11 ಗಂಟೆಗೆ ಪ್ರೂಫ್ ನನ್ನ ಮೊಬೈಲ್‌ಗೆ ಬಂದಿತ್ತು. ಮರುದಿನ ಇಂಟರ್ನಲ್ಸ್. ಮೊದಲ ಐದಾರು ಪುಟ ನೋಡಿ “ಓಕೆ ಅಣ್ಣ, ಪ್ರಿಂಟ್ ಮಾಡಿ” ಅಂತ ಕಳಿಸಿ ಮಲಗಿದೆ. ಪ್ರೆಸ್‌ನಲ್ಲಿ ಆಮೇಲೆ ಅಣ್ಣ ಹೇಳಿದ್ದು: “ನಾವು ಫೈಲ್ ನೋಡ್ತೀವಿ, ಮ್ಯಾಟರ್ ನೋಡಲ್ಲ. ಅದು ನಿಮ್ಮ ಜವಾಬ್ದಾರಿ.” ನಿಜ ಅಲ್ವಾ?

ಪ್ರೂಫನ್ನು ಕಾಗದದ ಮೇಲೆ ತೆಗೆದು ನೋಡಿ. ಕ್ಯಾಂಪಸ್ ಜೆರಾಕ್ಸ್ ಅಂಗಡಿ ಪ್ರಿಂಟ್ ಆದರೂ ಸಾಕು. ಬರೆದವರಿಗೇ ಅವರ ಪುಟ ಕೊಟ್ಟು ಓದಿಸಿ, ಪಕ್ಕದಲ್ಲಿ ಸಹಿ ಹಾಕಿಸಿ. ಪ್ಲೇಟ್ ಆದ ಮೇಲೆ ತಪ್ಪು ಸಿಕ್ಕರೆ ಹೊಸ ಪ್ಲೇಟ್‌ಗೆ ದುಡ್ಡು ಕೊಡಬೇಕು. ಪ್ರಿಂಟ್ ಆದ ಮೇಲೆ ಸಿಕ್ಕರೆ ದುಡ್ಡು ಕೊಟ್ಟರೂ ಆ 200 ಪ್ರತಿ ಸರಿ ಹೋಗಲ್ಲ.

ಈ ವರ್ಷದ ಸಂಚಿಕೆಯಲ್ಲಿ ಆ ಕವನ ಮತ್ತೆ ಹಾಕ್ತಿದ್ದೀವಿ. ರೂಮ್‌ಮೇಟ್ ಒಪ್ಪೋಕೆ ಎರಡು ವಾರ ತಗೊಂಡ. ಒಂದೇ ಷರತ್ತು: ಆ ಪುಟದ ಪ್ರೂಫ್ ನೋಡೋದು ಅವನೇ.